ರೋಹಿಣಿ ಹೂಡುವ ವಾರ: ಮಲೆನಾಡಿನಲ್ಲಿ ಐದು ದಿನ

ಕೃತ್ತಿಕೆ ಮಳೆ ಮೇ 11ರ ಸುಮಾರಿಗೆ ಹೂಡಿ 24ಕ್ಕೆ ಮುಗಿಯುತ್ತದೆ. 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರೆ, 22ಕ್ಕೆ ಆರಿದ್ರೆ. ಸಾಗರ, ಸಿದ್ದಾಪುರ, ಶಿರಸಿ ಕಡೆಯ ಹಳ್ಳಿಗಳಲ್ಲಿ ಈಗಲೂ ಹಿರಿಯರ ಬಾಯಿಗೆ ತಾರೀಕಿಗಿಂತ ಮೊದಲು ಬರುವುದು ಈ ನಕ್ಷತ್ರಗಳ ಲೆಕ್ಕ. ಜೋಗ ತುಂಬಿದಾಗ ಮಲೆನಾಡಿಗೆ ಬರುವವರು ಬಹಳ. ಚಳಿಗಾಲದಲ್ಲಿ ಬರುವವರೂ ಇದ್ದಾರೆ. ಮೇ ಕೊನೆಯ ವಾರ ಮಾತ್ರ ಯಾರಿಗೂ ಬೇಡ. ಸೆಕೆ, ಕೆಂಪು ಧೂಳು, ಜೋಗದಲ್ಲಿ ಬರಿಯ ಬಂಡೆ. ಆದರೂ ಮಲೆನಾಡಿನ ಬದುಕನ್ನು ನೋಡಬೇಕೆಂದರೆ ಈ ವಾರವೇ ಬರಬೇಕು. ನಾಲ್ಕು ತಿಂಗಳ ಮಳೆಗೆ ಊರಿಗೆ ಊರೇ ಸಜ್ಜಾಗುವ ಹೊತ್ತು ಇದು. ಒಂದೊಂದು ಕೆಲಸದ ಹಿಂದೆಯೂ ಯಾವುದೋ ಹಳೆಯ ಮಳೆ ಮಾಡಿಹೋದ ಹಾನಿಯ ನೆನಪಿದೆ. ಯಾರೂ ಅದನ್ನು ಬರೆದಿಟ್ಟಿಲ್ಲ, ಕೈಗಳು ಮರೆತಿಲ್ಲ ಅಷ್ಟೇ.

ಮೊದಲ ದಿನ, ಮೇ 22: ತಾಳಗುಪ್ಪ, ಹಂಚಿನ ಮಾಡು

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಶಿವಮೊಗ್ಗ, ಸಾಗರ ದಾಟಿ ತಾಳಗುಪ್ಪ. ಹಳಿ ಅಲ್ಲಿಗೆ ಮುಗಿಯುತ್ತದೆ. ಮೀಟರ್ ಗೇಜ್ ಕಾಲದಲ್ಲಿ ಈ ಹಳಿಯ ಮೇಲೆ ರೈಲು ಬಸ್ ಓಡುತ್ತಿತ್ತು. ಇಲ್ಲಿನ ನಡುವಯಸ್ಸಿನವರನ್ನು ಕೇಳಿದರೆ ಅದರ ಸದ್ದನ್ನೇ ಮೊದಲು ನೆನೆಯುತ್ತಾರೆ. ನಿಲ್ದಾಣದಿಂದ ಹೊರಬಿದ್ದು ಯಾವ ಹಳ್ಳಿಯ ದಾರಿ ಹಿಡಿದರೂ ಈ ವಾರ ಕಣ್ಣಿಗೆ ಬೀಳುವುದು ಮಾಡಿನ ಮೇಲಿರುವ ಜನ.

ಮಂಗಳೂರು ಹಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್ ಶುರು ಮಾಡಿದ್ದು 1865ರಲ್ಲಿ. ಹಂಚು ಬರುವ ಮೊದಲು ಇಲ್ಲಿ ಅಡಿಕೆ ಗರಿ ಹೊದಿಸಿದ ಸೋಗೆಯ ಮಾಡು, ಹುಲ್ಲಿನ ಮಾಡು. ವರ್ಷ ವರ್ಷ ಹೊದಿಸಬೇಕಿತ್ತು. ಹಂಚು ಬಂದ ಮೇಲೆ ಆ ಕಷ್ಟ ತಪ್ಪಿತು, ವರ್ಷಕ್ಕೊಮ್ಮೆ ಮಾಡು ಹತ್ತುವುದು ತಪ್ಪಲಿಲ್ಲ. ಹಂಚಿನ ಬೆನ್ನಿಗೆ ಒಂದು ಮೂಗು ಇರುತ್ತದೆ, ಅದು ಹಂಚು ಹೊರುವ ಅಡ್ಡಪಟ್ಟಿಯಾದ ರೀಪಿಗೆ ಸಿಕ್ಕಿ ನಿಲ್ಲುತ್ತದೆ. ಎರಡೂ ಬದಿಗೆ ಗಾಡಿ ಎಂಬ ಉದ್ದನೆಯ ತೋಡು ಇರುತ್ತದೆ, ಒಂದರ ಗಾಡಿ ಪಕ್ಕದ್ದರೊಳಗೆ ಕೂರುತ್ತದೆ. ಸೋರುವುದು ಹೆಚ್ಚಾಗಿ ಒಡೆದ ಹಂಚಿನಿಂದ ಎಂದುಕೊಳ್ಳುತ್ತೇವೆ, ನಿಜವಾಗಿ ಎಷ್ಟೋ ಸೋರಿಕೆ ಒಡೆಯದ ಹಂಚಿನದೇ. ಗಾಡಿಯಲ್ಲಿ ಪಾಚಿ ಬೆಳೆದು, ಮರದ ಎಲೆ ಕೊಳೆತು ತುಂಬಿಕೊಂಡರೆ ನೀರು ಕೆಳಕ್ಕೆ ಹರಿಯುವ ಬದಲು ಪಕ್ಕಕ್ಕೆ ಉಕ್ಕಿ ಒಳಗೆ ಬೀಳುತ್ತದೆ. ಮಂಗ ಹಾರಿ ಒಂದು ಹಂಚು ಬೆರಳಗಲ ಸರಿದರೂ ಹಾಗೆಯೇ. ಹೊಸ ಹಂಚು ತಂದು ಹೊದಿಸುವ ಮೊದಲು ತೆಂಗಿನ ನಾರಿನ ಬ್ರಷ್ಷಿನಲ್ಲಿ ಗಾಡಿ ಉಜ್ಜಿ ನೋಡಬೇಕು.

ಹತ್ತುವವರು ಕಾಲಿಡುವ ಜಾಗವನ್ನು ನೋಡಿ. ಹಂಚಿನ ನಡು ಭಾಗಕ್ಕೆ ಕೆಳಗೆ ಆಸರೆ ಇಲ್ಲ, ಅಲ್ಲಿ ತುಳಿದರೆ ಒಡೆಯುವುದೇ. ಮೇಲಿನ ಹಂಚಿನ ತುದಿ ಕೆಳಗಿನದರ ಮೇಲೆ ಕೂರುವಲ್ಲಿ ಅಡಿಗೆ ರೀಪು ಇರುತ್ತದೆ, ಹೆಜ್ಜೆ ಬೀಳಬೇಕಾದ್ದು ಅಲ್ಲೇ. ಬರಿಗಾಲು, ಅದೂ ಬೆಳಿಗ್ಗೆ ಹತ್ತರೊಳಗೆ. ಆಮೇಲೆ ಹಂಚು ಕಾದು ಕಾಲಿಡಲಾಗದು. ಎರಡು ಮಾಡು ಕೂಡುವ ಮೂಲೆಯ ತಗಡನ್ನು ಗುಡಿಸದೆ ಇಳಿಯಬಾರದು. ಮಾಡಿನ ನೀರೆಲ್ಲ ಅಲ್ಲಿಗೇ ಬರುತ್ತದೆ, ಒಂದು ಹಿಡಿ ಎಲೆ ಸಾಕು ಜಡಿಮಳೆಯ ರಾತ್ರಿ ಒಳಗೆ ಹಂಡೆ ಇಡಲು.

ಹಳೆಯ ಮನೆಗಳ ಹಿತ್ತಿಲಲ್ಲಿ ಐವತ್ತು ನೂರು ಹಂಚಿನ ಒಂದು ಅಟ್ಟಿ ಇದ್ದೇ ಇರುತ್ತದೆ. ಜಿಪುಣತನದಿಂದ ಕೂಡಿಟ್ಟದ್ದಲ್ಲ ಅದು. ಒಂದೊಂದು ಕಾರ್ಖಾನೆಯ ಅಚ್ಚು ಕೂದಲೆಳೆ ವ್ಯತ್ಯಾಸದ್ದು, ಬೇರೆ ಕಾರ್ಖಾನೆಯ ಹಂಚು ಈ ಗಾಡಿಗೆ ಕೂರುವುದಿಲ್ಲ. ಎಷ್ಟೋ ಕಾರ್ಖಾನೆಗಳು ಮುಚ್ಚಿಹೋಗಿವೆ. ಹಂಚನ್ನು ತಿರುಗಿಸಿ ಹೆಸರು ಓದಿ ಜೋಡಿ ಹುಡುಕುವ ಕೆಲಸ ಮನೆಯ ಹುಡುಗರದ್ದು.

ಇನ್ನು ಜಗಲಿಯೊಳಗೆ ಬಂದು ತಲೆಯೆತ್ತಿ ನೋಡಿದರೆ ರೀಪಿನ ಮೇಲೆ ಅಲ್ಲಲ್ಲಿ ಇದ್ದಿಲಿನ ಗೀಟು. ಕೆಲವು ಕಡೆ ಸುಣ್ಣದ ಚುಕ್ಕೆ. ಮಳೆ ಹೊಡೆಯುವಾಗ ಮಾಡು ಹತ್ತಲಾಗದು, ಹಂಚಿಗೆ ಕಾಲು ನಿಲ್ಲುವುದಿಲ್ಲ. ಬಿಸಿಲು ಬಂದ ಮೇಲೆ ಸೋರಿದ್ದು ಎಲ್ಲೆಂದು ತಿಳಿಯದು, ಹನಿ ಬಿದ್ದಲ್ಲೇ ಮಾಡು ತೂತಾಗಿರುವುದೂ ಇಲ್ಲ. ನೀರು ರೀಪಿನ ಕೆಳಗಿನ ಇಳಿಜಾರು ತೊಲೆಯಾದ ಪಕಾಸಿಯ ಗುಂಟ ಮೂರು ನಾಲ್ಕು ಅಡಿ ಜಾರಿ ಬಂದು ಬೇರೆಲ್ಲೋ ಹನಿಯುತ್ತದೆ. ಅದಕ್ಕೇ ಮಳೆ ಬೀಳುತ್ತಿರುವಾಗಲೇ ಏಣಿಯಿಟ್ಟು, ಹನಿಯ ಜಾಡು ಹಿಡಿದು ಮೇಲಕ್ಕೆ ಹೋಗಿ, ನೀರು ಮೊದಲು ಕಾಣುವಲ್ಲಿ ಒಂದು ಗೀಟು ಎಳೆಯುತ್ತಾರೆ. ಮುಂದಿನ ಮೇ ತಿಂಗಳಿಗೆ ಓದಲು ಬರೆದಿಟ್ಟದ್ದು. ಸರಿಮಾಡಿ ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುತ್ತಾರೆ.

ಎರಡನೆಯ ದಿನ, ಮೇ 23: ಶರಾವತಿ ಹಿನ್ನೀರು

ಸಾಗರದಿಂದ ಹೊಳೆಬಾಗಿಲು. ಬಹಳ ವರ್ಷ ಇಲ್ಲಿ ದಾಟಲು ಇದ್ದದ್ದು ಲಾಂಚ್ ಒಂದೇ. ಬಸ್ಸು, ಕಾರು, ದನ, ದಿಬ್ಬಣ, ಆಸ್ಪತ್ರೆಗೆ ಹೊರಟವರು, ಎಲ್ಲರೂ ಅದಕ್ಕೇ ಕಾಯಬೇಕಿತ್ತು. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಈಚೆ ದಡದಲ್ಲೇ ರಾತ್ರಿ. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಆಚೆ ದಡದ ತುಮರಿ ಕಡೆಯವರು ತಮ್ಮ ಊರನ್ನು ದ್ವೀಪ ಎಂದೇ ಕರೆದುಕೊಂಡು ಬಂದವರು. ಸೇತುವೆ ಬಂದರೂ ಆ ಮಾತು ಬಾಯಿಂದ ಹೋಗಿಲ್ಲ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಊರು, ಗದ್ದೆ, ತೋಟ, ಗುಡಿ ಕಳೆದುಕೊಂಡ ಕುಟುಂಬಗಳನ್ನು ಈ ಕಡೆ ಇಂದಿಗೂ 'ಮುಳುಗಡೆಯವರು' ಎನ್ನುತ್ತಾರೆ. ಅವರಲ್ಲಿ ಎಷ್ಟೋ ಜನಕ್ಕೆ ಕೊಟ್ಟ ಭೂಮಿಯ ಹಕ್ಕಿನ ಪ್ರಶ್ನೆ ಮೂರನೆಯ ತಲೆಮಾರಿಗೂ ಬಗೆಹರಿದಿಲ್ಲ. ನಾಡಿಗೆ ಬೆಳಕು ಕೊಟ್ಟವರ ಮನೆಯ ಕಾಗದ ಇನ್ನೂ ಸರಿಯಾಗಿಲ್ಲ ಎಂಬುದನ್ನು ಹಿನ್ನೀರಿನ ಚೆಲುವು ನೋಡಲು ಬಂದವರು ತಿಳಿದಿರಬೇಕು.

ಮೇ ಕೊನೆಗೆ ನೀರು ಇಳಿದು ದಡ ದೂರ ಸರಿದಿರುತ್ತದೆ. ಮಳೆಗಾಲದಲ್ಲಿ ನೀಲಿ ಕಂಡ ಜಾಗವೆಲ್ಲ ಒಡೆದ ಮಣ್ಣಿನ ಬಯಲು. ಅದರ ನಡುವೆ ಕಪ್ಪು ಬೊಡ್ಡೆಗಳು. ಹತ್ತಿರ ಹೋಗಿ ಒಂದನ್ನು ಮುಟ್ಟಿ ನೋಡಿ. ಮೇಲಿನ ಅರ್ಧ ಬಿಸಿಲಿಗೆ, ಮಳೆಗೆ ಸೀಳಿ ನಾರು ನಾರಾಗಿ ಬೆರಳಿಗೆ ಎದ್ದು ಬರುತ್ತದೆ. ಬುಡ ಮಾತ್ರ ಕಬ್ಬಿಣ, ಉಗುರು ಇಳಿಯದು. ಮರವನ್ನು ತಿನ್ನುವ ಅಣಬೆ, ಗೆದ್ದಲುಗಳಿಗೆ ಗಾಳಿ ಬೇಕು, ಆಳದ ನೀರಿನಲ್ಲಿ, ಕೆಸರಿನಲ್ಲಿ ಅದು ಸಿಗುವುದಿಲ್ಲ; ಆದ್ದರಿಂದ ಸದಾ ಮುಳುಗಿದ ಭಾಗ ಉಳಿಯುತ್ತದೆ, ವರ್ಷಕ್ಕೊಮ್ಮೆ ಹೊರಬಂದು ಒಣಗುವ ಭಾಗ ಸವೆಯುತ್ತದೆ. ಅರವತ್ತು ವರ್ಷದ ಹಿಂದಿನ ಕಾಡಿನ ಬುಡಗಳು ಇನ್ನೂ ನೆಟ್ಟಗೆ ನಿಂತಿರುವುದು ಹೀಗೆ.

ಲಿಂಗನಮಕ್ಕಿಗೂ ಮುಂಚಿನ ಅಣೆಕಟ್ಟು ಇನ್ನೊಂದಿದೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು, 1948ರ ಹೊತ್ತಿಗೆ ಕೆಲಸಕ್ಕೆ ಬಂದದ್ದು, ಜೋಗದ ಮೊದಲ ವಿದ್ಯುದಾಗರಕ್ಕೆ ನೀರು ಕೊಟ್ಟದ್ದು. ಹದಿನಾರು ವರ್ಷಕ್ಕೆ ಹೊಸ ಅಣೆಕಟ್ಟಿನ ಹಿನ್ನೀರಲ್ಲಿ ಅದೇ ಮುಳುಗಿತು. ನೀರು ಬಹಳ ಇಳಿದ ವರ್ಷ ಪೂರ್ತಿ ಹೊರಬರುತ್ತದೆ. ಅದರಲ್ಲಿ ನೋಡಬೇಕಾದ್ದು ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಸೈಫನ್‌ಗಳು. ದೊಡ್ಡ ಬಾವಿಯಂಥ ಕೊಳವೆ, ಮೇಲೆ ಗುಮ್ಮಟದಂಥ ಮುಚ್ಚಳ. ನೀರು ಅಂಚು ಮೀರಿದೊಡನೆ ಸುಳಿ ಸುತ್ತಿಕೊಂಡು ಕೊಳವೆಗೆ ಇಳಿಯುತ್ತದೆ, ಇಳಿಯುವಾಗ ಮುಚ್ಚಳದೊಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ, ಗಾಳಿ ಖಾಲಿಯಾದ ಮೇಲೆ ಕೊಳವೆ ಪೂರ್ತಿ ತುಂಬಿ ಭೋರೆಂದು ಹರಿಯತೊಡಗುತ್ತದೆ. ನಡುರಾತ್ರಿ ಪ್ರವಾಹ ಬಂದರೂ ಗೇಟು ಎತ್ತಲು ಯಾರೂ ಏಳಬೇಕಿಲ್ಲ.

ಹೋಗುವವರು ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಇದು ಅಭಯಾರಣ್ಯದ ಪ್ರದೇಶ. ಬೆಳಿಗ್ಗೆ ಏಳಕ್ಕೇ ನಡೆಯಲು ಶುರು ಮಾಡಿ, ಬಯಲಿನಲ್ಲಿ ನೆರಳಿಗೊಂದು ಮರವಿಲ್ಲ. ತಲೆಗೆ ಮೂರು ಮೂರು ಲೀಟರ್ ನೀರು ಬೇಕು. ಬಿರುಕು ಬಿಟ್ಟ ಬಿಳಿಚಿದ ಮಣ್ಣು ಗಟ್ಟಿ, ನಡೆಯಬಹುದು. ಮಿರುಗುವ, ಬಿರುಕಿಲ್ಲದ ನುಣುಪು ಮಣ್ಣು ಕಂಡರೆ ಅದು ಹೂಳು. ಮೇಲೆ ಚರ್ಮದಂತೆ ಒಣಗಿದ್ದರೂ ಅಡಿಯಲ್ಲಿ ಸೊಂಟದವರೆಗೆ ಕೆಸರು ಇರಬಹುದು. ಕೋಲು ಊರಿ ನೋಡದೆ ಕಾಲಿಡಬೇಡಿ. ದನದ ಹೆಜ್ಜೆ ಇದ್ದಲ್ಲಿ ಹೋಗುವುದು ಒಳ್ಳೆಯ ಉಪಾಯ.

ಮುಳುಗಡೆಯ ಹಿರಿಯರು ಜೊತೆಗಿದ್ದರೆ ಬಯಲು ಬೇರೆಯೇ ಆಗುತ್ತದೆ. ಅವರು ಗೋಡೆ ಹುಡುಕುವುದಿಲ್ಲ, ಮಣ್ಣಿನ ಗೋಡೆ ಎಂದೋ ಕರಗಿದೆ. ಹಳ್ಳ ತಿರುಗುವ ಜಾಗ ನೋಡುತ್ತಾರೆ, ದಿಬ್ಬದ ಇಳುಕಲು ನೋಡುತ್ತಾರೆ, ಜಂಬಿಟ್ಟಿಗೆ ಕಟ್ಟಿದ ಬಾವಿಯ ಬಾಯಿ ಸಿಕ್ಕಿತೋ, ಅಲ್ಲಿಂದ ಹೆಜ್ಜೆ ಎಣಿಸಿ ಅಡುಗೆಮನೆ ಇದ್ದದ್ದು ಇಲ್ಲಿ ಎಂದು ನಿಲ್ಲುತ್ತಾರೆ. ಅಲ್ಲಿ ಬಿದ್ದಿರುವ ಒರಳು, ಬೀಸುಕಲ್ಲಿನ ತುಂಡುಗಳನ್ನು ನೆನಪಿಗೆಂದು ಎತ್ತಿಕೊಂಡು ಬರಬೇಡಿ. ಅವು ಇನ್ನೊಬ್ಬರ ಗುರುತು.

ಮೂರನೆಯ ದಿನ, ಮೇ 24: ತೋಟ

ಸಿದ್ದಾಪುರದ ಕಡೆಯ ಅಡಿಕೆ ತೋಟಗಳು ಕಣಿವೆಯ ತಳದಲ್ಲಿ ಇರುತ್ತವೆ. ಮೇಲೆ ಬೆಟ್ಟ, ನಡುವೆ ಮನೆ, ಕೆಳಗೆ ತೋಟ, ಅದರಾಚೆ ಗದ್ದೆ. ನೀರು ಈ ಮೆಟ್ಟಿಲುಗಳನ್ನು ಇಳಿದು ಹೋಗುವ ದಾರಿ ಸರಿಯಿದ್ದರೆ ಎಲ್ಲವೂ ಸರಿ.

ಕಾದಿಗೆಯಿಂದ ಶುರು ಮಾಡಬೇಕು. ಅಡಿಕೆ ಸಾಲುಗಳ ನಡುವೆ ನೀರು ಬಸಿದು ಹೋಗುವ ಕಾಲುವೆ ಇದು. ವರ್ಷವಿಡೀ ಸೋಗೆ, ಹಾಳೆ, ಮಣ್ಣು ಬಿದ್ದು ಅರ್ಧ ಮುಚ್ಚಿರುತ್ತದೆ. ಮೊಣಕಾಲುದ್ದ ಇಳಿಯುವಂತೆ ತೆಗೆದು, ಬಂದ ಗೋಡುಮಣ್ಣನ್ನು ಮರದ ಬುಡಕ್ಕೇ ಹಾಕುತ್ತಾರೆ. ಅದು ಒಳ್ಳೆಯ ಗೊಬ್ಬರ. ಇಲ್ಲಿ ಆಗುವ ತಪ್ಪೆಂದರೆ ಮೇಲಿನ ತುದಿಯಿಂದ ತೆಗೆಯುತ್ತ ಬರುವುದು. ಕೆಳಗಿನ ಬಾಯಿ ಮುಚ್ಚಿಯೇ ಇದ್ದಾಗ ಮಳೆ ಬಂದರೆ ನೀರೆಲ್ಲ ನಡು ತೋಟದಲ್ಲಿ ನಿಲ್ಲುತ್ತದೆ. ಹಳ್ಳ ಸೇರುವ ಬಾಯಿಯಿಂದ ಮೇಲಕ್ಕೆ ತೆಗೆಯುತ್ತ ಹೋಗಬೇಕು. ಅಡಿಕೆಯ ಬೇರು ನಿಂತ ನೀರಿನಲ್ಲಿ ಉಸಿರು ಕಟ್ಟಿ ಕೊಳೆಯುತ್ತದೆ, ಆದರೆ ಮರ ಅದನ್ನು ಹೇಳುವುದು ತಡವಾಗಿ, ಸೋಗೆ ಹಳದಿಯಾದ ಮೇಲೆ.

ಇನ್ನು ಕೊಳೆ ಔಷಧಿ. ಇಡೀ ವಾರದಲ್ಲಿ ಜನ ಹೆಚ್ಚು ತಲೆಕೆಡಿಸಿಕೊಳ್ಳುವ ಕೆಲಸ ಇದೇ.

ಕೊಳೆರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಕಾಯಿಯ ತೊಟ್ಟಿನ ಕಡೆ ನೀರು ಕುಡಿದಂಥ ಕಡುಹಸಿರು ಕಲೆ ಮೂಡುತ್ತದೆ, ಕಾಯಿಯ ಹೊಳಪು ಹೋಗುತ್ತದೆ, ಆಮೇಲೆ ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿ ಬೂಜು. ಮಳೆಹನಿ ಸಿಡಿದು ಒಂದು ಕೊನೆಯಿಂದ, ಅಂದರೆ ಅಡಿಕೆ ಗೊಂಚಲಿನಿಂದ, ಇನ್ನೊಂದಕ್ಕೆ ದಾಟುತ್ತದೆ. ಜಡಿಮಳೆ ಹೊಡೆದು ನಡುನಡುವೆ ಬಿಸಿಲು ಬಂದರೆ ಕೊಳೆಗೆ ಸುಗ್ಗಿ. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬರುವ ಮೊದಲು ಮಲೆನಾಡಿನವರಿಗೆ ಗೊತ್ತಿದ್ದ ದಾರಿ ಒಂದೇ: ಕೊಟ್ಟೆ ಕಟ್ಟುವುದು. ಮರ ಹತ್ತಿ, ಹುಲ್ಲು ಹೆಣೆದು ಮಾಡಿದ ಗೊರಬಿನಂಥ ಕೊಟ್ಟೆಯನ್ನು ಒಂದೊಂದು ಕೊನೆಗೂ ಹೊದಿಸಿ ಬಿಗಿಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ, 1910ರಲ್ಲಿ ವರದಿ ಬರೆದರು. ಮೈಲುತುತ್ತ ಮತ್ತು ಸುಣ್ಣದ ಸಿಂಪರಣೆ ಅಡಿಕೆಗೆ ಬಂದದ್ದು ಅವರಿಂದ. ನೂರು ವರ್ಷ ಕಳೆದರೂ ಅದೇ ಔಷಧಿ ನಡೆಯುತ್ತಿದೆ.

ಅಳತೆ ಸರಳ. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಮೈಲುತುತ್ತವನ್ನು ಹಿಂದಿನ ರಾತ್ರಿಯೇ ಬಟ್ಟೆಯಲ್ಲಿ ಗಂಟು ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗಕ್ಕೆ ತೂಗುಬಿಟ್ಟರೆ ಬೆಳಗಾಗುವಷ್ಟರಲ್ಲಿ ಕರಗಿರುತ್ತದೆ. ತಳಕ್ಕೆ ಹಾಕಿದರೆ ಹರಳು ಹಾಗೇ ಕೂತಿರುತ್ತದೆ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಕಬ್ಬಿಣದ ಪಾತ್ರೆಯಾದರೆ ತಾಮ್ರ ಪಾತ್ರೆಗೇ ಹಿಡಿದುಕೊಳ್ಳುತ್ತದೆ, ಪಾತ್ರೆಯೂ ಹೋಯಿತು, ಔಷಧಿಯೂ ಹೋಯಿತು. ಸುಣ್ಣವನ್ನು ಬೇರೆ ಡ್ರಮ್ಮಿನಲ್ಲಿ ಅರಳಿಸಿ, ತಣಿಸಿ, ಬಟ್ಟೆಯಲ್ಲಿ ಸೋಸಿ ಉಳಿದ 50 ಲೀಟರಿಗೆ ಮಾಡಿಕೊಳ್ಳುತ್ತಾರೆ. ಸೋಸದಿದ್ದರೆ ನಾಜಲ್ ಕಟ್ಟಿ ಮರದ ತಲೆಯಲ್ಲಿ ಕೂತವರು ಬರಿಗೈಯಲ್ಲಿ ಇಳಿಯಬೇಕು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕೋಲಿನಲ್ಲಿ ತಿರುಗಿಸಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿದರೆ ದ್ರಾವಣ ಒಡೆದು ಬೇಗ ತಳಕ್ಕೆ ಕೂರುತ್ತದೆ. ಸರಿಯಾದ ದ್ರಾವಣ ಆಕಾಶನೀಲಿ, ಕಣ ಕಾಣದಷ್ಟು ನುಣುಪು.

ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಹೊಳೆಯುವಂತೆ ಮಸೆದ ಚಾಕು ಅಥವಾ ಕತ್ತಿಯ ಬಾಯನ್ನು ಒಂದೆರಡು ನಿಮಿಷ ಅದ್ದಿ ತೆಗೆದು ಬಿಸಿಲಿಗೆ ಹಿಡಿಯುತ್ತಾರೆ. ಅಲಗಿನ ಮೇಲೆ ಕೆಂಚು ಲೇಪ ಬಂದಿದ್ದರೆ ಸುಣ್ಣ ಸಾಲದು, ತಾಮ್ರ ಇನ್ನೂ ಬಿಡಿಯಾಗಿದೆ; ಹಾಗೇ ಹೊಡೆದರೆ ಎಳೆಗಾಯಿ ಸುಟ್ಟು ಉದುರುತ್ತದೆ. "ತಮಾ, ಇನ್ನೊಂಚೂರು ಸುಣ್ಣ ಹಾಕು" ಎನ್ನುತ್ತಾರೆ, ಮತ್ತೆ ತಿರುಗಿಸುತ್ತಾರೆ, ಕತ್ತಿ ಉಜ್ಜಿ ಮತ್ತೆ ಅದ್ದುತ್ತಾರೆ. ಅಲಗು ಬೆಳ್ಳಗೇ ಬರುವ ತನಕ ಇದು ನಡೆಯುತ್ತದೆ. ಸಮಸಮ ತೂಗಿದ್ದರೂ ಹೀಗಾಗುವುದು ಸುಣ್ಣ ಹಳತಾಗಿದ್ದರೆ. ಗಾಳಿಗೆ ತೆರೆದಿಟ್ಟ ಸುಣ್ಣ ತಾನೇ ಪುಡಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ, ತೂಕ ಇದ್ದರೂ ಗುಣ ಇರುವುದಿಲ್ಲ.

ಮಾಡಿದ ದ್ರಾವಣವನ್ನು ಅಂದೇ ಮುಗಿಸಬೇಕು, ನಾಳೆಗೆ ಇಟ್ಟದ್ದು ಕಾಯಿಗೆ ಹಿಡಿಯುವುದಿಲ್ಲ. ಅಂಟಲೆಂದು ರಾಳ ಮತ್ತು ಸೋಡಾ ಕಾಸಿ ಸೇರಿಸುವುದೂ ಉಂಟು. ಕಾಯಿ ಒಣಗಿರಬೇಕು, ಹೊಡೆದ ಮೇಲೆ ನಾಲ್ಕು ಗಂಟೆಯಾದರೂ ಬಿಸಿಲು ಸಿಗಬೇಕು. ಕೊನೆಯ ಮುಂಭಾಗಕ್ಕೆ ಮಾತ್ರ ತಾಗಿ ಹಿಂಬದಿ ಬಿಟ್ಟುಹೋದರೆ ಕೊಳೆ ಅಲ್ಲಿಂದಲೇ ಹೊಕ್ಕುತ್ತದೆ. ಎಲ್ಲಕ್ಕಿಂತ ಮುಖ್ಯ, ಇದು ತಡೆಯುವ ಔಷಧಿ. ಕೊಳೆ ಹತ್ತಿದ ಕಾಯಿಯನ್ನು ಇದು ಉಳಿಸುವುದಿಲ್ಲ. ಆದ್ದರಿಂದ ಮೊದಲ ಸಿಂಪರಣೆ ಮಳೆ ಹಿಡಿಯುವ ಮುನ್ನ, ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ, ಮಳೆಯ ನಡುವೆ ಯಾವುದಾದರೂ ಹೊಳವು ಸಿಕ್ಕಾಗ. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ಕ್ಕೇ ಬಂತು. ಒಂದು ವಾರ ಎಂದರೆ ಕೇಳಲು ಸಣ್ಣದು. ಐನೂರು ಮರದ ತೋಟಗಳು ಹಲವಿದ್ದು, ಮರ ಹತ್ತುವ ಒಬ್ಬರೇ ಕೊನೆಗಾರರು ಎಲ್ಲಕ್ಕೂ ಹಂಚಿಹೋಗುವ ಊರಿನಲ್ಲಿ ಆ ವಾರವೇ ಇಡೀ ವರ್ಷದ ಫಸಲು.

ಕೊನೆಗಾರರು ಹೋದಂತೆಲ್ಲ ದೋಟಿ ಬಂದಿದೆ. ನೆಲದಲ್ಲೇ ನಿಂತು ಹಗುರವಾದ ಉದ್ದ ಕೊಳವೆಯನ್ನು ಎತ್ತಿ ಔಷಧಿ ಹೊಡೆಯುತ್ತಾರೆ. ಜೀವಕ್ಕೆ ಅಪಾಯವಿಲ್ಲ, ಅದೊಂದೇ ಸಾಕು ಅದನ್ನು ಒಪ್ಪಲು. ಆದರೆ ಮರ ಹತ್ತಿದವರು ಕೊನೆಯ ಹತ್ತಿರ ಕೂತು ಕಾಣುತ್ತಿದ್ದುದು ಕೆಳಗಿನಿಂದ ಕಾಣದು: ಯಾವ ಮರದ ಹಿಂಗಾರ (ಹೂಗೊಂಚಲು) ಒಣಗಿದೆ, ಯಾವ ಕಾಯಿಗೆ ಹುಳ, ಯಾವ ಮರದ ತುದಿ ಸೊರಗಿದೆ. ತೋಟದ ಒಡೆಯರಿಗಿಂತ ಹೆಚ್ಚಾಗಿ ಒಂದೊಂದು ಮರದ ಚರಿತ್ರೆ ಗೊತ್ತಿದ್ದದ್ದು ಅವರಿಗೆ. ಪ್ಲಾಸ್ಟಿಕ್ ಕೊಟ್ಟೆ ಕಟ್ಟುವ ತೋಟಗಳು ಈಗಲೂ ಇವೆ. ಕಟ್ಟುವಾಗ ಕೆಳಗಿನ ಬಾಯಿ ತೆರೆದೇ ಇರಬೇಕು. ಸುತ್ತಲೂ ಬಿಗಿದರೆ ಒಳಗೆ ಬೆವರಿ, ಮಳೆ ತಾಗದೆಯೇ ಕಾಯಿ ಕೆಡುತ್ತದೆ.

ರಾತ್ರಿ ತೋಟದ ಅಂಚಿನಲ್ಲಿ ದೀಪ ಆರಿಸಿ ಕೂತರೆ ಮಿಣುಕುಹುಳಗಳು. ಮಳೆಗೆ ಮುಂಚಿನ ಈ ಒಂದೆರಡು ವಾರ ಒಂದು ಮರಕ್ಕೆ ಸಾವಿರಗಟ್ಟಲೆ ಕೂತು ಒಟ್ಟಿಗೇ ಹೊತ್ತಿ ಒಟ್ಟಿಗೇ ಆರುತ್ತವೆ. ಕ್ಯಾಮರಾ, ಟಾರ್ಚು ಹಿಡಿದು ಹತ್ತಿರ ಹೋದರೆ ಲಯ ತಪ್ಪುತ್ತದೆ. ಸುಮ್ಮನೆ ದೂರದಲ್ಲಿ ಕೂರಬೇಕು.

ನಾಲ್ಕನೆಯ ದಿನ, ಮೇ 25: ಅಂಗಳ

ರೋಹಿಣಿ ಹೂಡಿತು. ಆಕಾಶದಲ್ಲಿ ಮಧ್ಯಾಹ್ನದ ಮೇಲೆ ಮೋಡ, ಆದರೂ ಬೆಳಗಿನ ಬಿಸಿಲು ಚುರುಕು. ಈ ಬಿಸಿಲಿನ ಒಂದು ತುಣುಕನ್ನೂ ಯಾರೂ ವ್ಯರ್ಥ ಮಾಡುವುದಿಲ್ಲ. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ.

ಹಲಸಿನ ಹಪ್ಪಳಕ್ಕೆ ಬೆಳೆದಿರುವ, ಆದರೆ ಹಣ್ಣಾಗದ ಕಾಯಿ ಬೇಕು. ಬೆರಳಿನಲ್ಲಿ ತಟ್ಟಿದರೆ ಟೊಳ್ಳು ಸದ್ದು ಬಂದರೆ ಹಣ್ಣಾಗುತ್ತಿದೆ, ಬಿಡಿ. ಎಳೆಯದಾದರೆ ಹಿಟ್ಟು ಒಂದುಗೂಡದು, ಹಪ್ಪಳ ಅಂಚಿನಲ್ಲಿ ಸೀಳುತ್ತದೆ. ಬಲಿತು ಸಿಹಿ ಹಿಡಿದ ಕಾಯಾದರೆ ಎಣ್ಣೆಗೆ ಬಿಟ್ಟೊಡನೆ ಕೆಂಪಾಗಿ ಕಹಿ ತಿರುಗುತ್ತದೆ. ಸೊಳೆ ಬಿಡಿಸಿ, ಬೇಳೆ ತೆಗೆದು, ನೀರು ತಾಗದಂತೆ ಹಬೆಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಯಿಸುತ್ತಾರೆ. ನೀರು ಸೇರಿದರೆ ಹಿಟ್ಟು ಸಡಿಲ, ತಟ್ಟಲು ಬಾರದು. ಬಿಸಿಯಿರುವಾಗಲೇ ಒರಳಿಗೆ ಹಾಕಿ ಕುಟ್ಟಬೇಕು, ತಣಿದರೆ ಗಂಟು ಉಳಿಯುತ್ತದೆ. ಬೆಂದ ಸೊಳೆ ಒಂದು ಕಿಲೋ ಇದ್ದರೆ ಏಳೆಂಟು ಒಣಮೆಣಸು, ಒಂದು ಚಮಚ ಕೊತ್ತಂಬರಿ, ಸ್ವಲ್ಪ ಜೀರಿಗೆ, ಉಪ್ಪು ಎರಡು ಸಣ್ಣ ಚಮಚ. ಹಿಟ್ಟಿನ ರುಚಿ ನೋಡಿದಾಗ ಉಪ್ಪು ಕಡಿಮೆ ಅನಿಸಬೇಕು. ಒಣಗಿ ನೀರು ಹೋದ ಮೇಲೆ ಅದೇ ಉಪ್ಪು ಸರಿಯಾಗುತ್ತದೆ. ಹೊಸಬರು ತಪ್ಪುವುದು ಇಲ್ಲೇ.

ನಿಂಬೆಹಣ್ಣಿನ ಗಾತ್ರದ ಉಂಡೆ. ಕೊಬ್ಬರಿ ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವಿಟ್ಟು ಮಣೆಯಿಂದ ಒತ್ತುತ್ತಾರೆ, ಆಮೇಲೆ ಅಂಗೈಯಲ್ಲಿ ಅಂಚು ತೆಳ್ಳಗೆ ಮಾಡುತ್ತಾರೆ. ಹಿಂದೆ ಬಾಳೆಎಲೆ ಇತ್ತು. ಹಳೆಯ ಹಪ್ಪಳದ ಬೆನ್ನಿಗೆ ಎಲೆಯ ಗೆರೆ ಇರುತ್ತಿತ್ತು. ಅಜ್ಜಿ ಉಂಡೆ ಕಟ್ಟುವುದು, ಸೊಸೆಯಂದಿರು ಒತ್ತುವುದು, ಮಕ್ಕಳು ಚಾಪೆಗೆ ಹೊತ್ತು ಹಾಕುವುದು. ಪಕ್ಕದ ಮನೆಯವರು ಇಂದು ಇಲ್ಲಿ, ನಾಳೆ ಇವರು ಅಲ್ಲಿ. ಹಸಿ ಹಿಟ್ಟು ಮಕ್ಕಳ ಬಾಯಿಗೆ ಎಷ್ಟು ಹೋಯಿತೆಂಬ ಲೆಕ್ಕ ಯಾರೂ ಇಡುವುದಿಲ್ಲ. ಸಂಜೆ ಅಂಚು ಮೇಲೆದ್ದಾಗ ಮಗುಚಬೇಕು, ಮೊದಲೇ ಮಗುಚಿದರೆ ಚಾಪೆಗೆ ಹರಿದು ಹಿಡಿಯುತ್ತದೆ. ಎರಡು ಮೂರು ಗಟ್ಟಿ ಬಿಸಿಲು ಬೇಕು. ಮುರಿದರೆ ಟಕ್ಕೆನ್ನಬೇಕು, ಬಾಗಿದರೆ ಡಬ್ಬಿಗೆ ಹಾಕಬೇಡಿ, ಆರಿದ್ರೆ ಮಳೆಯ ಹೊತ್ತಿಗೆ ಹಸಿರು ಬೂಷ್ಟು ಬರುತ್ತದೆ.

ಚಾಪೆಯ ಇನ್ನೊಂದು ತುದಿಯಲ್ಲಿ ಮುರುಗಲು (ಕೋಕಂ). ಹಣ್ಣು ಒಡೆದು ಬೀಜ ತೆಗೆದ ಸಿಪ್ಪೆಯನ್ನು ಅದೇ ಹಣ್ಣಿನ ರಸಕ್ಕೆ ಉಪ್ಪು ಹಾಕಿ ಅದ್ದಿ, ಒಣಗಿಸಿ, ಮತ್ತೆ ಅದ್ದಿ ಒಣಗಿಸುತ್ತಾರೆ. ಐದಾರು ಸಲ ಆದ ಮೇಲೆ ಸಿಪ್ಪೆ ಕಡುಗಪ್ಪಾಗಿ ಚರ್ಮದಂತೆ ಬಾಗುತ್ತದೆ. ಅದರ ದಾಯಾದಿ ಉಪ್ಪಾಗೆಯದು ಇನ್ನೊಂದು ಕಥೆ. ಅದು ಹಣ್ಣಾಗುವುದೇ ಮಳೆಯ ನಡುವೆ. ಬಿಸಿಲಿಲ್ಲ, ಬೆಂಕಿಯ ಮೇಲೆಯೇ ಒಣಗಿಸಬೇಕು, ಅದಕ್ಕೆ ರಾಶಿ ಸೌದೆ ಬೇಕು. ಕಾಡಿನ ಒಂದು ಹಣ್ಣಿಗೆ ಕಾಡಿನ ಮರವನ್ನೇ ಉರಿಸುವುದು ನೋಡಲು ಸಂಕಟ. ಹೊಗೆ ಒಳಗೇ ಸುತ್ತಿ ಶಾಖ ಉಳಿಸುವ ಮುಚ್ಚಿದ ಒಲೆಗಳು ಬಂದಿವೆ, ಅವು ಹೆಚ್ಚು ಮನೆಗಳಿಗೆ ತಲುಪಬೇಕು.

ಸೌದೆ ಕೊಟ್ಟಿಗೆಯೊಳಗೆ ಒಮ್ಮೆ ಇಣುಕಿ. ಅಡಿಗೆ ಕಲ್ಲಿಟ್ಟು ಅಡ್ಡ ಮರ ಹಾಕಿ ನೆಲದಿಂದ ಗೇಣು ಎತ್ತರಕ್ಕೆ ಪೇರಿಸಿರುತ್ತಾರೆ, ಗೆದ್ದಲು ಹತ್ತದಂತೆ. ಮುಂದಿನ ಸಾಲಿನಲ್ಲಿ ತೆಳು ಸೀಳು, ಹಿಂದೆ ದಪ್ಪ ಬೊಡ್ಡೆ. ಮೊದಲ ಮಳೆಗಳಲ್ಲಿ ಬೆಂಕಿ ಹೊತ್ತಿಸುವುದೇ ಕಷ್ಟ. ಶ್ರಾವಣದ ಹೊತ್ತಿಗೆ ಬಚ್ಚಲ ಒಲೆ ಆರದೆ ಉರಿಯುತ್ತಿರುತ್ತದೆ, ಆಗ ದಪ್ಪ ಬೊಡ್ಡೆಯೇ ಬೇಕು. ಪೇರಿಸಿದ ಕ್ರಮವೇ ನಾಲ್ಕು ತಿಂಗಳ ಕ್ರಮ.

ಐದನೆಯ ದಿನ, ಮೇ 26: ಸೊಪ್ಪಿನ ಬೆಟ್ಟ

ಶಿರಸಿಯ ಕಡೆ ತೋಟದ ಮೇಲಿನ ಬೆಟ್ಟಕ್ಕೆ ಸೊಪ್ಪಿನ ಬೆಟ್ಟ ಎಂದು ಹೆಸರು. ಭೂಮಿ ಸರ್ಕಾರದ್ದು, ಸೊಪ್ಪು ಮತ್ತು ದರಕಿನ (ಒಣ ಎಲೆಯ) ಹಕ್ಕು ತೋಟದವರದ್ದು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬುದು ಬ್ರಿಟಿಷರ ಕಾಲದಿಂದ ಬಂದ ಏರ್ಪಾಟು. ಮತ್ತಿ, ಹೊನ್ನೆ, ನಂದಿ, ಕೌಲು, ಹುಣಾಲು, ನೆಲ್ಲಿ. ಬೇಸಗೆಯಲ್ಲಿ ಉದುರಿದ ದರಕು ಗುಡಿಸಿ ಕೊಟ್ಟಿಗೆಗೆ, ಮಳೆಗಾಲದಲ್ಲಿ ಹಸಿ ಸೊಪ್ಪು ಕಡಿದು ದನದ ಕಾಲಡಿಗೆ, ಅದು ಗೊಬ್ಬರವಾಗಿ ತೋಟಕ್ಕೆ.

ಬೆಟ್ಟ ಹೇಗಿದೆ ಎಂಬುದು ಮರ ನೋಡಿದರೆ ಗೊತ್ತಾಗುತ್ತದೆ. ಪಕ್ಕದ ರೆಂಬೆಗಳನ್ನಷ್ಟೇ ಕಡಿದು ತುದಿಯ ಕುಡಿ ಉಳಿಸಿದ್ದರೆ ಮರ ಕಂಬದಂತೆ ನೆಟ್ಟಗೆ, ಹಸಿರು ಗೊಂಚಲು ಹೊತ್ತು ನಿಂತಿರುತ್ತದೆ. ಅವಸರದವರು ಕುಡಿಯನ್ನೂ ಕಡಿದರೆ ಮರ ಮುಂದೆ ಏಳುವುದಿಲ್ಲ, ಗಾಯದಲ್ಲಿ ನೀರು ಇಳಿದು ಟೊಳ್ಳಾಗುತ್ತದೆ. ದರಕನ್ನು ಒಂದೆಲೆ ಬಿಡದೆ ಗುಡಿಸಿದ ಬೆಟ್ಟದಲ್ಲಿ ಮೊದಲ ಮಳೆಗೇ ಕೆಂಪು ನೀರು ಹರಿಯುತ್ತದೆ. ಆ ಮಣ್ಣು ಇಳಿದು ಬಂದು ಮುಚ್ಚುವುದು ಅವರದೇ ತೋಟದ ಕಾದಿಗೆಯನ್ನು.

ಇಲ್ಲಿಂದ ಸಾಲ್ಕಣಿ ದೂರವಿಲ್ಲ. 1983ರ ಸೆಪ್ಟೆಂಬರಿನಲ್ಲಿ ಅಲ್ಲಿನ ಹೆಂಗಸರು, ಗಂಡಸರು, ಯುವಕರು ಕಾಡಿಗೆ ನಡೆದು, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ, ಪರಿಸರ ಹೋರಾಟಗಾರ ಪಾಂಡುರಂಗ ಹೆಗಡೆಯವರು ಅದನ್ನು ನಾಡಿನ ತುಂಬ ಒಯ್ದರು. ಆ ಕಾಡಿನ ಅಂಚಿನಲ್ಲಿ ಈ ವಾರ ಸೀತಾಳೆದಂಡೆ ಅರಳಿರುತ್ತದೆ. ಮರದ ತೊಗಟೆಗೆ ಬೇರು ಒತ್ತಿ ಹಿಡಿದು, ನರಿಯ ಬಾಲದಂತೆ ಇಳಿಬಿದ್ದ ಬಿಳಿ ಗೊಂಚಲು, ಒಂದೊಂದು ಹೂವಿಗೂ ನೇರಳೆ ಚುಕ್ಕೆ. ಕೀಳಬೇಡಿ. ಮನೆಯ ಮಾವಿಗೆ ಕಟ್ಟಿದರೂ ಹೆಚ್ಚಿನವು ಬದುಕುವುದಿಲ್ಲ.

ಮೂರು ಗಂಟೆಗೆ ಗಾಳಿ ನಿಂತಿತು. ಜೀರುಂಡೆಯ ಸದ್ದು ಒಮ್ಮೆಲೇ ಕಡಿಯಿತು. "ಮಳೆ ಬಪ್ಪಲಾತು" ಎಂದು ಯಾರೋ ಕೂಗಿದರು, ಐದು ನಿಮಿಷದಲ್ಲಿ ಅಂಗಳದ ಚಾಪೆಗಳು ಸುರುಳಿ ಸುತ್ತಿ ಒಳಗೆ ಹೋದವು. ಜಗಲಿಗೆ ಎರಚಲು ಹೊಡೆಯದಂತೆ ಕಟ್ಟಿದ ಸೋಗೆ ತಟ್ಟಿಯ ಮೇಲೆ ಮೊದಲ ಹನಿಗಳು ಟಪಟಪ ಎಂದವು, ಆಮೇಲೆ ಬೇರೆ ಯಾವ ಮಾತೂ ಕೇಳಿಸಲಿಲ್ಲ. ಮಾಡಿನ ಅಂಚಿಗೆ ಇಟ್ಟ ಅಡಿಕೆ ಮರ ಸೀಳಿ ಮಾಡಿದ ದೋಣಿಯಂಥ ದಂಬೆಯಲ್ಲಿ ಮೊದಲು ಧೂಳು ಕಲಸಿದ ಕೆಂಪು ನೀರು, ಎಲೆ ಚೂರು, ಕಾಲು ಗಂಟೆ ಕಳೆದ ಮೇಲೆ ತಿಳಿ. ಆಗ ಹಂಡೆಯನ್ನು ಅದರ ಬಾಯಿಗೆ ಸರಿಸಿದರು. ಕಾದಿಗೆಯ ಕೆಳಗಿನ ಬಾಯಿಗೆ ಕಂಬಳಿಕೊಪ್ಪೆ ಹಾಕಿಕೊಂಡು ಒಬ್ಬರು ಓಡಿದರು. ನೀರು ನಿಲ್ಲದೆ ಹೋಗುತ್ತಿದೆ ಎಂದು ಅಲ್ಲಿಂದಲೇ ಕೈಯೆತ್ತಿ ತೋರಿಸಿದರು.

ಒಳಗೆ, ನಡುಮನೆಯ ಮೂಲೆಯಲ್ಲಿ, ನಾಲ್ಕು ದಿನದ ಹಿಂದೆ ಒರೆಸಿ ಬರಿದು ಮಾಡಿದ ರೀಪಿನಿಂದ ಎರಡು ಅಡಿ ಆಚೆ ಒಂದು ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಕೆಳಗೆ ತಂಬಿಗೆ ಇಟ್ಟರು. ಮನೆಯ ಹುಡುಗ ಏಣಿ ತಂದು ಪಕಾಸಿಗೆ ಒರಗಿಸಿದ, ಅಡುಗೆಮನೆಯ ಒಲೆಯಿಂದ ಅವನ ತಂಗಿ ಒಂದು ತುಂಡು ಇದ್ದಿಲು ತಂದುಕೊಟ್ಟಳು.